ಹಿಂದೆ ಉಳಿದವರನ್ನು ಯಾರು ನೋಡಿದಿರಿ?

ನಮ್ಮೂರಲ್ಲಿ ಸೋಮವಾರ ಬಂತೆಂದರೆ ಗಂಡಸರಲ್ಲಿ ಅರ್ಧ ಜನ ಕುಂಟುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಭಾನುವಾರ ಬೆಳಕು ಹರಿಯುತ್ತಲೇ ಗುಂಪು ಕಟ್ಟಿಕೊಂಡು ಸೈಕಲ್ ಹತ್ತುತ್ತಾರೆ, ಈ ಕಡೆಯಿಂದ ಬೆಟ್ಟ ಏರಿ ಆ ಕಡೆಯಿಂದ ಇಳಿದು ಚರ್ಚಿನ ಮುಂದಿನ ಚೌಕಕ್ಕೆ ಬಂದು ಸೇರುತ್ತಾರೆ. ಬೋಯಾಕಾ ಸೀಮೆಯ ಈ ಬೆಟ್ಟಗಳಲ್ಲಿ ಹುಟ್ಟಿದವರಿಗೆ ಸೈಕಲ್ ಅಂದರೆ ಜೀವ. ವಾರವಿಡೀ ಹಾಲು ಕರೆದು, ಆಲೂಗಡ್ಡೆ ಹೊಲದಲ್ಲಿ ಬೆನ್ನು ಬಗ್ಗಿಸಿದವರು ಒಂದು ದಿನ ಗಾಳಿ ಕುಡಿದು ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಪೆದ್ದುತನಕ್ಕೂ ಒಂದು ಮಿತಿ ಬೇಕು.

ನಮ್ಮ ಯಜಮಾನರು ಇಸಿದೋರೋಗೆ ಈಸ್ಟರ್ ಕಳೆದಾಗಿನಿಂದ ಬಲ ಮೊಣಕಾಲು ನೋಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಕೇಳಿದರೆ, ಏನಿಲ್ಲ, ಚಳಿಗೆ ಹಿಡಕೊಂಡಿದೆ ಅನ್ನುತ್ತಿದ್ದರು. ರಾತ್ರಿ ಮುಲಾಮು ತಿಕ್ಕಿ ಉಣ್ಣೆ ಬಟ್ಟೆ ಸುತ್ತಿಕೊಂಡು ಮಲಗುವುದು, ಭಾನುವಾರ ಮತ್ತೆ ಬೆಟ್ಟ ಹತ್ತುವುದು. ಗುಂಪಿನಲ್ಲಿ ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಹೋದ ವರ್ಷ ಕಾಲು ನೋವೆಂದು ಮನೆಯಲ್ಲಿ ಉಳಿದ ಒಬ್ಬನನ್ನು ಇವತ್ತಿಗೂ ಎಲ್ಲರೂ ‘ಅಜ್ಜಿ’ ಎಂದೇ ಕರೆಯುತ್ತಾರೆ.

ನಮ್ಮ ಅತ್ತೆಯ ಬಿಪಿ ನೋಡಲು ಆರೋಗ್ಯ ಕೇಂದ್ರದ ನರ್ಸ್ ಲಿಹಿಯಾ ಮನೆಗೆ ಬಂದಿದ್ದಳು. ಅವಳೂ ಹಳ್ಳಿಯಿಂದ ಹಳ್ಳಿಗೆ ಸೈಕಲ್ಲಿನಲ್ಲೇ ಓಡಾಡುವವಳು. ಯಜಮಾನರು ಕುರ್ಚಿಯಿಂದ ಏಳುವುದನ್ನು ನೋಡಿದಳು. ನೋವು ಮಂಡಿಚಿಪ್ಪಿನ ಮುಂದೆಯೋ ಹಿಂದೆಯೋ, ಏರು ತುಳಿಯುವಾಗ ಹೆಚ್ಚೋ ಎಂದು ವಿಚಾರಿಸಿದಳು. ಆಮೇಲೆ ನೇರ ಅಂಗಳಕ್ಕೆ ಹೋಗಿ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಣ್ಣಾ, ಸೀಟು ಇಷ್ಟು ಕೆಳಗಿದ್ರೆ ಮೊಣಕಾಲು ಮಡಚ್ಕೊಂಡೇ ತುಳೀಬೇಕು. ಗೇರಿನ ತಂತಿ ತುಕ್ಕು ಹಿಡಿದು ಗಟ್ಟಿ ಗೇರಲ್ಲೇ ಕೂತುಬಿಟ್ಟಿದೆ. ನೋಯದೆ ಇನ್ನೇನಾಗುತ್ತೆ? ಪೆಡಲ್ ತೀರಾ ಕೆಳಗಿದ್ದಾಗ ಮೊಣಕಾಲು ಒಂಚೂರೇ ಬಗ್ಗಿರಬೇಕು, ಅಷ್ಟು ಎತ್ತರಕ್ಕೆ ಸೀಟು ಏರಿಸಿ. ಹಗುರ ಗೇರಲ್ಲಿ ತುಳೀರಿ. ನೋವು ಇಳಿಯೋವರೆಗೂ ಬೆಟ್ಟದ ತಂಟೆಗೆ ಹೋಗ್ಬೇಡಿ.” ಬ್ರೇಕಿನ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಇದು ಎಳೆ ಎಳೆ ಬಿಟ್ಕೊಂಡಿದೆ. ಇದನ್ನ ಮಾತ್ರ ಇವತ್ತೇ ಬದಲಾಯಿಸಿ.”

ಅಲ್ಲೇ ಇದ್ದ ನನ್ನ ತಮ್ಮ ಎಲಿಸೇವೋ. ಗುಂಪಿಗೆ ಅವನೇ ನಾಯಕ, ಅದಕ್ಕೇ ಅವನಿಗೆ ನೆಲ ಕಾಣಿಸುವುದಿಲ್ಲ. ಹಿಂದಿನ ದಿನವಷ್ಟೇ, ಗಾಡಿ ಓಡಿಸುವವರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬ ಆಗಿತ್ತು. ಚೌಕದಲ್ಲಿ ಲಾರಿ, ಬಸ್ಸು, ಸೈಕಲ್ಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫಾದರ್ ತೀರ್ಥ ಚಿಮುಕಿಸಿದ್ದರು. ನಮ್ಮ ಗುಂಪಿನವರದ್ದು ಒಂದು ಕಟ್ಟಳೆ: ತೀರ್ಥ ಬಿದ್ದ ಸೈಕಲ್ಲಿಗೆ, ಹಬ್ಬದ ಮರು ಭಾನುವಾರದ ಸವಾರಿ ಮುಗಿಯುವವರೆಗೆ, ಯಾರೂ ಸ್ಪ್ಯಾನರ್ ಮುಟ್ಟಿಸುವಂತಿಲ್ಲ.

“ಈಗ ಬಿಚ್ಚಿದ್ರೆ ಮಾತೆ ಮೇಲೆ ನಂಬಿಕೆ ಇಲ್ಲ ಅಂದಂಗೆ, ಭಾವ. ಮುಟ್ಬೇಡಿ,” ಅಂದ ಎಲಿಸೇವೋ.

“ಫಾದರ್ ಜೀಪಿಗೂ ತೀರ್ಥ ಬಿತ್ತಲ್ಲಪ್ಪ,” ಅಂದಳು ಲಿಹಿಯಾ. “ಇವತ್ತು ಬೆಳಿಗ್ಗೆ ಅದು ಗ್ಯಾರೇಜಲ್ಲಿ ನಿಂತಿತ್ತು. ನಾನೇ ನೋಡ್ದೆ.”

ಯಜಮಾನರು ನಕ್ಕರು. ನಕ್ಕರು ಅಷ್ಟೇ, ತಂತಿ ಬದಲಾಯಿಸಲಿಲ್ಲ. ಭಾನುವಾರ ಬೇಡ ಎಂದು ನಾನು ಕೈ ಮುಗಿದೆ. ಇದೊಂದು ಸಲ ಹೋಗಿ ಬರುತ್ತೇನೆ, ಆಮೇಲೆ ಎಲ್ಲ ಸರಿ ಮಾಡಿಸೋಣ ಅಂದರು. ಜೇಬಿಗೆ ಸೀಬೆಹಣ್ಣಿನ ಮಿಠಾಯಿ ತುಂಬಿಕೊಂಡು ಹೊರಟೇಬಿಟ್ಟರು.

ಆ ದಿನ ಹೆಂಗಸರೆಲ್ಲ ಚೌಕದಲ್ಲಿ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಸಾರು ಇಟ್ಟು ಕಾಯುತ್ತಿದ್ದೆವು. ಬೆಟ್ಟದ ತುದಿ ಮೊದಲು ಕಾಣುತ್ತಿತ್ತು. ನೋಡನೋಡುತ್ತಿದ್ದಂತೆ ಮಂಜು ಇಳಿದು ತುದಿಯಲ್ಲಿದ್ದ ಶಿಲುಬೆ ಮುಚ್ಚಿಹೋಯಿತು, ಆಮೇಲೆ ಅರ್ಧ ಬೆಟ್ಟವೇ ಮುಚ್ಚಿಹೋಯಿತು.

ಮೊದಲು ಎಲಿಸೇವೋ ಬಂದ. ಆಮೇಲೆ ಇಬ್ಬರು, ಮೂವರು, ಹೀಗೆ. ಭಾವ ಎಲ್ಲೋ ಎಂದೆ. ಹಿಂದೆ ಬರ್ತಿದಾರೆ ಅಕ್ಕ ಅಂದ. ಹಿಂದಿನವರನ್ನು ಕೇಳಿದೆ. ಎಲಿಸೇವೋ ಜೊತೆ ಮುಂದೆ ಹೋದರು ಅಂದುಕೊಂಡೆವು ಅಂದರು. ಬಂದವರೆಲ್ಲ ಇದೇ ಮಾತು. ಮುಂದಿದ್ದವರು ಹಿಂದೆ ಇದ್ದಾರೆ ಅಂದುಕೊಂಡಿದ್ದರು, ಹಿಂದಿದ್ದವರು ಮುಂದೆ ಹೋದರು ಅಂದುಕೊಂಡಿದ್ದರು. ಶಿಲುಬೆ ದಾಟಿದ ಮೇಲೆ ಅವರನ್ನು ಯಾರೂ ಕಂಡಿರಲಿಲ್ಲ. ಫೋನು ಹತ್ತಲಿಲ್ಲ.

ಆ ಇಳಿಜಾರು ನನಗೆ ಗೊತ್ತು. ಒಂದು ಬದಿ ಮಣ್ಣಿನ ದಿಬ್ಬ, ಇನ್ನೊಂದು ಬದಿ ಪಾತಾಳ. ನಮ್ಮ ಜೊತೆ ಚೌಕದಲ್ಲೇ ಇದ್ದ ಲಿಹಿಯಾ ಓಡಿಹೋಗಿ ಹಾಲಿನ ಲಾರಿಯನ್ನು ನಿಲ್ಲಿಸಿದಳು. ನಾನು, ಅವಳು, ಎಲಿಸೇವೋ ಹತ್ತಿದೆವು. ಮಂಜಿನಲ್ಲಿ ಲಾರಿಯ ಮೂತಿಯೇ ಕಾಣುತ್ತಿರಲಿಲ್ಲ. ತಿರುವು ತಿರುವಿಗೆ ಇಳಿದು ಹೆಸರು ಹಿಡಿದು ಕೂಗುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಹತ್ತುವುದು. ಪಾತಾಳದ ಕಡೆ ಬಗ್ಗಿ ನೋಡುವಾಗ ನನಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಲಿಹಿಯಾ ಸೆರಗಿನಂತೆ ಇಳಿಬಿದ್ದ ನನ್ನ ಉಣ್ಣೆ ಹೊದಿಕೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಒಂದು ತಿರುವಿನಲ್ಲಿ ಸೈಕಲ್ ಸಿಕ್ಕಿತು. ಪಾತಾಳದ ಅಂಚಿನ ಬೇಲಿಗೆ ಸಿಕ್ಕಿಹಾಕಿಕೊಂಡಿತ್ತು. ಯಜಮಾನರು ಇರಲಿಲ್ಲ. ಎಲಿಸೇವೋ ಬ್ರೇಕು ಅದುಮಿದ. ಅದು ಸುಮ್ಮನೆ ಒಳಗೆ ಹೋಯಿತು, ತುಂಡಾದ ತಂತಿ ನೇತಾಡುತ್ತಿತ್ತು. ಅವನು ರಸ್ತೆಯ ಮೇಲೇ ಕುಸಿದು ಕೂತ. ನಾನು ವಿಧವೆಯಾದೆ ಎಂದೇ ಆ ಕ್ಷಣ ಅಂದುಕೊಂಡೆ. ಅದನ್ನು ಯಾವ ಮಾತಿನಲ್ಲಿ ಹೇಳಲಿ?

ದಿಬ್ಬದ ಬುಡದ ಚರಂಡಿಗೆ ಲಿಹಿಯಾ ಟಾರ್ಚು ಹಾಯಿಸಿದಳು. ಅವರು ಅಲ್ಲಿದ್ದರು. ನೆಂದು ತೊಪ್ಪೆಯಾಗಿ, ತುಟಿ ನೀಲಿಗಟ್ಟಿ, ಕೂಗಿ ಕೂಗಿ ದನಿ ಹೋಗಿ. ತಂತಿ ತುಂಡಾಗಿ, ಒದ್ದೆ ರಸ್ತೆಯಲ್ಲಿ ಇನ್ನೊಂದು ಬ್ರೇಕೂ ಹಿಡಿಯದಾದಾಗ ಬೇಕೆಂದೇ ದಿಬ್ಬಕ್ಕೆ ಗುದ್ದಿದ್ದರು, ಸೈಕಲ್ ಮಾತ್ರ ಆಚೆ ಬದಿಗೆ ಎಗರಿಹೋಗಿತ್ತು. ಅದರಿಂದಲೇ ಉಳಿದರು. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು, ಕಾಲು ಊರಲು ಆಗುತ್ತಿರಲಿಲ್ಲ. ಕಾಲು ಅಲುಗಾಡಿಸಬೇಡಿ ಎಂದು ಲಿಹಿಯಾ ಲಾರಿಯಲ್ಲಿದ್ದ ಹಲಗೆ ಕಟ್ಟಿದಳು, ನಮ್ಮ ಹೊದಿಕೆಗಳನ್ನೆಲ್ಲ ಅವರ ಮೇಲೆ ಹಾಕಿದಳು, ನೇರ ಆಸ್ಪತ್ರೆಗೆ ಅಂದಳು.

ಲಾರಿಯಲ್ಲಿ ಅವರು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು. “ಬೀಳುವಾಗ ಹೆದರಿಕೆ ಆಗ್ಲಿಲ್ಲ ಕಣೇ. ಇಷ್ಟು ಹೊತ್ತಾದ್ರೂ ಯಾರೂ ಹುಡ್ಕೊಂಡು ಬರ್ಲಿಲ್ವಲ್ಲ, ಆಗ ಹೆದರಿಕೆ ಆಯ್ತು.” ಎಲಿಸೇವೋ ಮುಖ ಮುಚ್ಚಿಕೊಂಡು ಅತ್ತ.

ಮೊಣಕಾಲಿನ ಒಳಗೆ ಲಿಗಮೆಂಟ್ ಹರಿದಿತ್ತಂತೆ. ಈಗ ಲಿಹಿಯಾ ಹೇಳಿಕೊಟ್ಟ ವ್ಯಾಯಾಮವನ್ನು ಯಜಮಾನರು ದಿನಾ ಮಾಡುತ್ತಾರೆ, ಬೈಯದೆ ಮಾಡುತ್ತಾರೆ. ಎಲಿಸೇವೋ ಪ್ರತಿ ಶನಿವಾರ ಚೌಕದಲ್ಲಿ ಸ್ಪ್ಯಾನರ್ ಹಿಡಿದು ಕೂರುತ್ತಾನೆ. ಬ್ರೇಕು, ಚೈನು, ಟಯರಿನ ಗಾಳಿ ನೋಡದೆ ಒಬ್ಬರನ್ನೂ ಬಿಡುವುದಿಲ್ಲ. ಕಟ್ಟಳೆಯ ಗತಿ ಏನಯ್ಯಾ ಎಂದು ಯಾರೋ ಕೆಣಕಿದರೆ, ಮಾತೆಯ ಹತ್ತಿರ ನಾನೇ ಮಾತಾಡಿಕೊಳ್ತೀನಿ, ನೀನು ಸೈಕಲ್ ತಾ ಅನ್ನುತ್ತಾನೆ. ಭಾನುವಾರ ಅವನೇ ಎಲ್ಲರಿಗಿಂತ ಹಿಂದೆ ಬರುತ್ತಾನೆ. ಎಲ್ಲರೂ ಸೇರುವವರೆಗೆ ಶಿಲುಬೆಯಿಂದ ಯಾರೂ ಕೆಳಗಿಳಿಯುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮೊಣಕಾಲು ನೋಯುತ್ತಿದ್ದರೆ ಬಾಯಿ ಬಿಟ್ಟು ಹೇಳಿ, ಸೀಟು ಮತ್ತು ಗೇರು ಸರಿ ಮಾಡಿಸಿ, ಊದಿಕೊಂಡರೆ ಡಾಕ್ಟರಿಗೆ ತೋರಿಸಿ. ಹೊರಡುವ ಮೊದಲು ಎರಡೂ ಬ್ರೇಕು ಅದುಮಿ ನೋಡಿ. ಪಂಪು, ಇನ್ನೊಂದು ಟ್ಯೂಬು, ಚಾರ್ಜ್ ಇರುವ ಫೋನು ಜೊತೆಗಿರಲಿ. ಹೊರಡುವಾಗ ಎಷ್ಟು ಜನ ಇದ್ದೀರೋ ಎಣಿಸಿ, ಇಳಿಯುವ ಮೊದಲು ಮತ್ತೆ ಎಣಿಸಿ. ಮನೆಯಲ್ಲಿ ಕಾಯುವವಳು ಎದುರು ಬಂದು ಕೇಳಿದಾಗ, ‘ನಾವು ನೋಡಲಿಲ್ಲ’ ಅನ್ನುವ ಉತ್ತರ ನಿಮ್ಮ ಬಾಯಲ್ಲಿ ಬರಬಾರದು.