ಪೊಟ್ಟಣದ ಅಡಿಯಲ್ಲಿದ್ದ ಹೆಸರು

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಎಂದು ನೀವು ಕೇಳಿದರೆ ಇದೆ ಎನ್ನಲಾರೆ. ಇದರಲ್ಲಿ ತಪ್ಪು ಮಾಡಿದವಳು ನಾನೇ. ಕಾನೂನು ಓದಿದವಳೂ ಅಲ್ಲ. ಚಳಿಗಾಲದ ಸಂಜೆ ತರಗತಿಗಳಲ್ಲಿ ಕಚೇರಿಯ ಪತ್ರವ್ಯವಹಾರ ಕಲಿತವಳು, ಅಷ್ಟೇ. ಆದರೂ ನಮ್ಮ ಮಹಿಳಾ ಬಳಗದವರು, "ನಿನ್ನ ತಪ್ಪಿನಿಂದ ನಾಲ್ಕು ಜನಕ್ಕೆ ಉಪಕಾರ ಆಗೋದಾದ್ರೆ ಯಾಕೆ ಮುಚ್ಚಿಡ್ತೀಯಾ? ಬರೆ" ಎಂದರು. ಧೈರ್ಯ ಮಾಡಿದ್ದೇನೆ, ಕ್ಷಮಿಸಿ.

ನನ್ನ ತಂಗಿ ಮೇರಿತ್ ಬಾರ್ಲಿ ಹಿಟ್ಟಿನ ತೆಳು ರೊಟ್ಟಿ ಮಾಡಿ ಮಾರುತ್ತಾಳೆ. ಉತ್ತರದ ಚಳಿನಾಡು ಯೆಮ್ಟ್‌ಲಾಂಡಿನ ನಮ್ಮ ಊರಿನಲ್ಲಿ ಎಲ್ಲರಿಗೂ ಸೇರಿದ ಒಂದು ರೊಟ್ಟಿಮನೆ ಇದೆ. ಸರದಿಯ ಪ್ರಕಾರ ಬೇಯಿಸುತ್ತೇವೆ. ಒಬ್ಬರ ಕೆಲಸ ಮುಗಿದಾಗ ಮುಂದಿನವರಿಗೆ ಒಲೆ ಬಿಸಿಯಾಗಿಯೇ ಇರಬೇಕು. ಮೇರಿತ್ ಮಾಡುವ ರೊಟ್ಟಿಯ ಹದ ನಮ್ಮ ಅಮ್ಮ ಸಾರಾ-ಸ್ತೀನಾಳದು. ಅಮ್ಮನಿಗೆ ಈಗ ಎಂಬತ್ತಾರು. ಏಳು ವರ್ಷದಿಂದ ಪೇಟೆಯ ಅಂಗಡಿಗಳಲ್ಲಿ ಜನ "ಸಾರಾ-ಸ್ತೀನಾ ಬಂತಾ?" ಎಂದೇ ಕೇಳಿ ಕೊಳ್ಳುತ್ತಿದ್ದರು.

ಆದರೆ ಪೊಟ್ಟಣದ ಮುಂಭಾಗದಲ್ಲಿ ಆ ಹೆಸರಿರಲಿಲ್ಲ. ನಮ್ಮ ಕಡೆ ಮನೆಯವರ ಹೆಸರನ್ನು ತಾವೇ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುವುದೆಂದರೆ ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡ ಹಾಗೆ. ಮೇರಿತ್ ಚಿಕ್ಕ ಚೀಟಿಯಲ್ಲಿ ಹೆಸರು ಬರೆದು ಪೊಟ್ಟಣದ ಅಡಿಗೆ ಅಂಟಿಸುತ್ತಿದ್ದಳು. ಅದು ಸರಿಯೆಂದೇ ನಮಗೆಲ್ಲ ಅನಿಸಿತ್ತು.

ಹೋದ ವರ್ಷ ಫೆಬ್ರುವರಿಯಲ್ಲಿ ರೊಟ್ಟಿಮನೆಯ ಸಭೆ ನಡೆಯಿತು. ಸಂಘದ ಕಾರ್ಯದರ್ಶಿ ನಾನು. ಕಾಫಿ ಸುತ್ತು ನಡೆಯುವಾಗ ಮೇರಿತ್ ಮೆಲ್ಲಗೆ ಬಾಯಿ ಬಿಟ್ಟಳು.

"ಸಾರಾ-ಸ್ತೀನಾ ಅನ್ನೋ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸೋಣ ಅಂತಿದ್ದೀನಿ. ನೀವೇನಂತೀರಿ?"

ಪಕ್ಕದ ಮನೆಯ ಹಾಲ್ವರ್ ಬಟ್ಟಲು ಕೆಳಗಿಟ್ಟ. ಚಾಕು ಮಾಡಿ ಮಾರುವವನು, ನಾಲಿಗೆಯೂ ಹಾಗೇ.

"ಓಹೋ! ಹಾಗಾದ್ರೆ ಚರ್ಚ್ ಮುಂದೆ ನಿನ್ನದೊಂದು ಮೂರ್ತೀನೂ ನಿಲ್ಲಿಸಿಬಿಡೋಣ. ಕೈಯಲ್ಲಿ ಲಟ್ಟಣಿಗೆ ಇರ್ಲಿ!"

ನಾನು ಅಲ್ಲಿಗೇ ಸುಮ್ಮನಾಗಿದ್ದರೆ ಆಗುತ್ತಿತ್ತು. ತಿಳಿದವಳಂತೆ ಹೇಳಿದೆ: "ನಿನ್ನ ಬೇಕರಿ ಸರ್ಕಾರದಲ್ಲಿ ನೋಂದಣಿ ಆಗಿದೆಯಲ್ಲೇ. ಇನ್ನೇನು ಬೇಕು? ಹೆಸರಿಗೆ ಬೇಲಿ ಹಾಕ್ಕೊಳ್ಳೋಕೆ ನಾವೇನು ಅಷ್ಟು ದೊಡ್ಡವರಾ? ಜನ ಆಡಿಕೊಳ್ತಾರೆ."

ಎಲ್ಲರೂ ನಕ್ಕರು. ಮೇರಿತ್‌ಳ ಕುತ್ತಿಗೆ ಕೆಂಪಾಯಿತು. ಮೂರು ದಿನದ ರೊಟ್ಟಿ ತರಬೇತಿಗೆಂದು ದಕ್ಷಿಣದಿಂದ ಬಂದಿದ್ದ ಕ್ರಿಸ್ತೆರ್ ಎಂಬವನೂ ನಕ್ಕ. ನಮ್ಮ ಕಡೆಯ ಪದ್ಧತಿಯಂತೆ ಕಾಫಿಗೆ ಇನ್ನೊಂದು ತುಂಡು ಚೀಸ್ ಹಾಕಿಸಿಕೊಂಡ.

ಅಕ್ಟೋಬರಿನಲ್ಲಿ ಓಸ್ಟರ್‌ಸುಂಡ್ ಪೇಟೆಯ ಅಂಗಡಿಯೊಂದರಲ್ಲಿ ನನ್ನ ಕಾಲು ನಿಂತೇ ಹೋಯಿತು. ಸೊಗಸಾದ ಪೆಟ್ಟಿಗೆಗಳ ಸಾಲು. ಮುಂಭಾಗದಲ್ಲಿ ಹೊಳೆಯುವ ಅಕ್ಷರ: ಸಾರಾ-ಸ್ತೀನಾ. ಕೆಳಗೆ ಕ್ರಿಸ್ತೆರ್‌ನ ಕಂಪನಿಯ ವಿಳಾಸ. ಅದೇ ವಾರ ಮೇರಿತ್‌ಗೆ ಪತ್ರ ಬಂತು. ಆ ಹೆಸರು ಈಗ ಅವರ ನೋಂದಾಯಿತ ಟ್ರೇಡ್‌ಮಾರ್ಕ್ ಅಂತೆ. ಆ ಹೆಸರಿನಲ್ಲಿ ರೊಟ್ಟಿ ಮಾರುವುದನ್ನು ನಾವು ನಿಲ್ಲಿಸಬೇಕಂತೆ.

ಅಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು.

"ನನ್ನ ಹೆಸರು ನಾವು ಬರೆದ್ರೆ ಜಂಬ. ಅವನು ಬರೆದ್ರೆ ವ್ಯಾಪಾರ. ಹೌದೇನೇ?" ಎಂದು ನನ್ನನ್ನೇ ನೋಡಿದಳು.

ಮೇರಿತ್ ನನ್ನ ಮೇಲೆ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಅಕ್ಕತಂಗಿಯರಿಬ್ಬರೂ ಪುರಸಭೆಯಲ್ಲಿ ಸಣ್ಣ ಉದ್ದಿಮೆಯವರಿಗೆ ಸಲಹೆ ಕೊಡುವ ತೂರಾಳ ಬಳಿ ಹೋದೆವು. ತೂರಾ ನಮ್ಮ ಶಾಲೆಯಲ್ಲೇ ಓದಿದವಳು.

"ಬೇಕರಿ ನೋಂದಣಿ ಆಗಿದೆ ಅಲ್ವಾ, ಅದು ಸಾಲದಾ?" ಎಂದೆ.

"ಬೇಕರಿ ಯಾವ ಹೆಸರಲ್ಲಿದೆ?"

"ಮೇರಿತ್ ಹೆಸರಲ್ಲಿ."

"ರೊಟ್ಟಿ ಯಾವ ಹೆಸರಲ್ಲಿ ಮಾರಾಟ ಆಗ್ತಿದೆ?"

"ಅಮ್ಮನ ಹೆಸರಲ್ಲಿ," ಎಂದಳು ಮೇರಿತ್.

"ಕಂಪನಿಯ ಹೆಸರೇ ಬೇರೆ, ಸರಕಿನ ಹೆಸರೇ ಬೇರೆ," ಎಂದಳು ತೂರಾ. "ಗಿರಾಕಿ ಯಾವ ಹೆಸರು ಹಿಡಿದು ಕೇಳ್ತಾನೋ ಅದನ್ನ ಬೇರೆಯಾಗಿ ನೋಂದಾಯಿಸಬೇಕು. ಅರ್ಜೀಲಿ ಯಾವ ಸರಕಿಗೆ ಅಂತಾನೂ ಹೇಳಬೇಕು. ರೊಟ್ಟಿಗೆ ಕೇಳಿದ್ರೆ ರೊಟ್ಟಿಗೆ ರಕ್ಷಣೆ, ಸಾಬೂನಿಗಲ್ಲ."

"ಯಾರು ಮೊದಲಿಂದ ಬಳಸ್ತಿದ್ರು ಅಂತ ನೋಂದಣಿ ಕಚೇರಿಯವರು ನೋಡಲ್ವಾ?" ಮೇರಿತ್ ಕೇಳಿದಳು.

"ದಾಖಲೆಯಲ್ಲಿ ಇದ್ರೆ ನೋಡ್ತಾರೆ. ನಿಮ್ಮ ಪೊಟ್ಟಣದ ಅಡಿಯಲ್ಲಿ ಇರೋದು ಅವರಿಗೆ ಹೇಗೆ ಗೊತ್ತಾಗ್ಬೇಕು, ಮಾರಾಯ್ತಿ?" ತೂರಾ ಕಂಪ್ಯೂಟರಿನಲ್ಲಿ ಹುಡುಕಿದಳು. "ನೋಂದಣಿ ಪ್ರಕಟವಾದ ಮೇಲೆ ಆಕ್ಷೇಪಣೆ ಹಾಕೋಕೆ ಮೂರು ತಿಂಗಳು ಇರುತ್ತೆ. ನಿಮಗೆ ಉಳಿದಿರೋದು ಹನ್ನೊಂದು ದಿನ. ಎರಡು ವಿಷಯ ತೋರಿಸ್ಬೇಕು. ಹೆಸರು ಮುಂಚಿನಿಂದಲೂ ನಿಮ್ಮದು ಅಂತ ಜನಕ್ಕೆ ಗೊತ್ತಿತ್ತು ಅನ್ನೋದು. ಗೊತ್ತಿದ್ದೂ ಅವನು ಎತ್ತಿಕೊಂಡ ಅನ್ನೋದು. ಬಾಯಿಮಾತು ಸಾಲದು, ಕಾಗದ ಬೇಕು."

ಕಾಗದ ಹುಡುಕಲು ಕೂತಾಗ ನಮ್ಮ ವಿನಯದ ಬಣ್ಣ ಬಯಲಾಯಿತು. ಏಳು ವರ್ಷದ ಒಂದು ಫೋಟೋದಲ್ಲೂ ಹೆಸರಿಲ್ಲ; ಪೊಟ್ಟಣಗಳೆಲ್ಲ ಮುಖ ಮೇಲೆ ಮಾಡಿ ಕೂತಿವೆ. ಅಡಿಯ ಚೀಟಿಗಳನ್ನು ಯಾರು ಎತ್ತಿಡುತ್ತಾರೆ? ಇಬ್ಬರು ಅಂಗಡಿಯವರು ಹಳೆಯ ಬೇಡಿಕೆ ಪತ್ರ ಕೊಟ್ಟರು, ಅದರಲ್ಲಿ ಹೆಸರಿತ್ತು. ಆದರೆ ಕ್ರಿಸ್ತೆರ್‌ಗೆ ಗೊತ್ತಿತ್ತು ಎಂಬುದಕ್ಕೆ?

ಸಭೆಯ ನಡಾವಳಿ ನೆನಪಾಯಿತು. ಬೆಳಿಗ್ಗೆ ಒಬ್ಬಳೇ ಪುಸ್ತಕ ತೆರೆದೆ. ನನ್ನದೇ ಅಚ್ಚುಕಟ್ಟಾದ ಬರಹ: "ಏಳು ವರ್ಷದಿಂದ ಬಳಕೆಯಲ್ಲಿರುವ ಸಾರಾ-ಸ್ತೀನಾ ಹೆಸರನ್ನು ನೋಂದಾಯಿಸುವ ವಿಷಯವನ್ನು ಮೇರಿತ್ ಎತ್ತಿದರು. ಅಂಥ ಆಡಂಬರ ಬೇಡವೆಂದು ಕಾರ್ಯದರ್ಶಿ ತಿಳಿಹೇಳಿದರು. (ನಗು.)" ಕೆಳಗೆ ಹಾಜರಿದ್ದವರ ಸಹಿ. ಕೊನೆಯ ಸಹಿ ಕ್ರಿಸ್ತೆರ್‌ನದು.

ನಾಚಿಕೆಯ ಮಾತು ಹೇಳಿಬಿಡುತ್ತೇನೆ. ನನ್ನ ಕೈ ಮೊದಲು ಹೋದದ್ದು ಆ ಹಾಳೆ ಹರಿಯಲು. ಆವತ್ತು ಆಡಿದ ಮಾತು ಗಾಳಿಗೆ ಹೋಯಿತು ಎಂದುಕೊಂಡಿದ್ದೆ. ತಂಗಿಯನ್ನು ನಗೆಗೀಡು ಮಾಡಿದ್ದನ್ನು ನಾನೇ ಬರೆದು, ನಗುವನ್ನೂ ಬಿಡದೆ ಬರೆದು, ಸಹಿ ಹಾಕಿದ್ದೆ. ಇದನ್ನು ಸರ್ಕಾರಿ ಕಚೇರಿಯವರು ಓದಬೇಕು. ಅಮ್ಮ ಕೇಳಿಸಿಕೊಳ್ಳಬೇಕು. ಹಿಡಿದಿದ್ದ ಹಾಳೆಯ ಅಂಚನ್ನು ಬೆರಳಿನಿಂದ ನೇವರಿಸಿ ಸರಿಮಾಡಿದೆ. ಕೊನೆಗೆ ಪುಸ್ತಕ ಎತ್ತಿಕೊಂಡು ಮೇರಿತ್ ಮನೆಗೆ ನಡೆದೆ.

ಅವಳು ನಿಂತೇ ಓದಿದಳು.

"ನಗು ಅಂತಾನೂ ಬರೆದಿದ್ದೀಯಲ್ಲ ಅಕ್ಕ," ಎಂದಳು.

"ಬರೆದಿದ್ದೀನಿ."

"ಇದನ್ನ ಕೊಟ್ರೆ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಕೊಡು."

ತೂರಾ ಅದನ್ನು ಓದಿ ಮೊದಲ ಸಲ ಮುಖ ಅರಳಿಸಿದಳು. "ಇದಕ್ಕಿಂತ ಒಳ್ಳೆ ಕಾಗದ ನಿಮ್ಮ ಹತ್ತಿರ ಇನ್ನೊಂದಿಲ್ಲ." ಒಂಬತ್ತನೆಯ ದಿನ ಆಕ್ಷೇಪಣೆ ಹೋಯಿತು. ಅದರ ಜೊತೆಗೆ ಆ ಹೆಸರಿಗೆ ಮೇರಿತ್‌ಳದೇ ಅರ್ಜಿಯೂ ಹೋಯಿತು. ಸುದ್ದಿ ತಿಳಿದ ಹಾಲ್ವರ್ ರೊಟ್ಟಿಮನೆಗೆ ಬಂದು ಟೋಪಿ ತಿರುವುತ್ತ ನಿಂತ.

"ತೂರಾಳ ಕಚೇರಿ ಎಷ್ಟು ಗಂಟೆಗೆ ತೆಗೆಯುತ್ತೆ?"

"ಯಾಕೆ, ಮೂರ್ತಿ ಮಾಡಿಸೋಕಾ?" ಎಂದಳು ಅಮ್ಮ.

"ಬಿಡು ಸಾರಾ-ಸ್ತೀನಾ. ನನ್ನ ಚಾಕುಗಳಿಗೂ ಒಂದು ಹೆಸರಿದೆ. 'ಚೂಪು ಚಾಕು' ಅಂತ ಇಟ್ಟಿದ್ದೀನಿ."

ಅದು ಆಗುವುದಿಲ್ಲವೆಂದು ತೂರಾ ಆಮೇಲೆ ಅವನಿಗೆ ತಿಳಿಸಿದಳು. ಸರಕಿನ ಗುಣವನ್ನಷ್ಟೇ ಹೇಳುವ ಮಾತು ಎಲ್ಲರಿಗೂ ಸೇರಿದ್ದು. ನಿನ್ನದೇ ಎಂದು ಗುರುತು ಹಿಡಿಯುವಂಥ ಹೆಸರು ಬೇಕು ಎಂದಳಂತೆ. ಅವನು ಈಗ ಹೊಸ ಹೆಸರು ಹುಡುಕುತ್ತಿದ್ದಾನೆ.

ಓದುತ್ತಿರುವವರೇ, ನೀವು ಚೀಸ್ ಮಾಡುವವರಿರಬಹುದು, ಕೈಗವಸು ಹೆಣೆಯುವವರಿರಬಹುದು. ಗಿರಾಕಿ ನಿಮ್ಮ ಸರಕನ್ನು ಹೆಸರು ಹಿಡಿದು ಕೇಳತೊಡಗಿದ ದಿನವೇ ಆ ಹೆಸರಿಗೆ ಬೆಲೆ ಬಂತು ಎಂದು ತಿಳಿಯಿರಿ. ಅದೇ ಹೆಸರು ಬೇರೆಯವರಲ್ಲಿ ಇದೆಯೇ ಎಂದು ಮೊದಲು ಹುಡುಕಿಸಿ, ಇಲ್ಲದಿದ್ದರೆ ಕೂಡಲೇ ಅರ್ಜಿ ಹಾಕಿ. ಹೆಸರಿರುವ ಪೊಟ್ಟಣ, ಪತ್ರ, ಫೋಟೋಗಳನ್ನು ತಾರೀಖು ಹಾಕಿ ಎತ್ತಿಡಿ. ನೋಂದಣಿಯಾದರೆ ಹತ್ತು ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಮುಂದುವರಿಸಿಕೊಳ್ಳಬಹುದು. ಇದು ಜಂಬವಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತೆತ್ತಿದರೆ, ದಯವಿಟ್ಟು ನನ್ನ ಹಾಗೆ ಅವರನ್ನು ನಗೆಗೀಡು ಮಾಡಬೇಡಿ.

ಕಚೇರಿಯ ತೀರ್ಮಾನ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅಡಿಯಲ್ಲೂ ಹೆಸರಿಲ್ಲದ ಪೊಟ್ಟಣದಲ್ಲಿ ಮೇರಿತ್ ರೊಟ್ಟಿ ಕಳಿಸುತ್ತಿದ್ದಾಳೆ. ಅಂಗಡಿಗಳು ಮೊದಲಿನಷ್ಟು ಕೇಳುತ್ತಿಲ್ಲ. ಅಮ್ಮನ ಹೆಸರು ನಮಗೆ ವಾಪಸ್ ಬರುತ್ತದೆಯೋ ಇಲ್ಲವೋ, ಬಂದರೂ ಅದನ್ನು ನೋಡಲು ಅಮ್ಮ ಇರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ತಂಗಿ ನನ್ನನ್ನು ಕ್ಷಮಿಸಿದ್ದಾಳೆಯೇ ಎಂಬುದೂ ಗೊತ್ತಿಲ್ಲ. ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.