ಹೆಂಚಿನ ಭಟ್ಟಿ ತಣ್ಣಗಾದ ವರ್ಷ

ಹೆಂಚಿನ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಕಾಣದೆ ಎರಡು ತಿಂಗಳಾಗಿತ್ತು. ಮಣ್ಣಿನ ಲಾರಿ ಬರುತ್ತಿರಲಿಲ್ಲ. ಗೇಟಿನೆದುರು ಚಹಾ ಮಾರುತ್ತಿದ್ದವಳು ಅಂಗಡಿಗೆ ಬಾಗಿಲು ಹಾಕಿದ್ದಳು. ನಲವತ್ತು ಮನೆಯವರು ಕೈಕಟ್ಟಿ ಕುಳಿತಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಭಟ್ಟಿಯ ಮೇಸ್ತ್ರಿ ಮೂವತ್ತಾರನೆಯ ವಯಸ್ಸಿಗೇ ತೀರಿಕೊಂಡಿದ್ದ. ಕಿಂಡಿಯಲ್ಲಿ ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿ, ‘ಇನ್ನು ಸಾಕು’ ಎನ್ನಬಲ್ಲವನು ಅವನೊಬ್ಬನೇ. ಅವನ ಬದಲು ಬಂದವನು ಎರಡು ಸಲ ಭಟ್ಟಿ ಹಚ್ಚಿದ. ಒಂದು ಸಲ ಹೆಂಚು ಹಸಿಯಾಗಿ ಉಳಿಯಿತು, ಇನ್ನೊಂದು ಸಲ ಸೊಟ್ಟಗಾಯಿತು. ಕೊಳ್ಳುವವರು ಹೊರದೇಶದ ತಗಡಿನ ಶೀಟಿನ ಕಡೆ ತಿರುಗಿದರು.

ಸತ್ತವನಿಗೆ ಆ ವಿದ್ಯೆ ಕಲಿಸಿದವನು ಅವನ ತಂದೆ. ಜನ ಅವನನ್ನು ಭಟ್ಟಿಯಜ್ಜ ಎನ್ನುತ್ತಿದ್ದರು. ಈಗ ಕಣ್ಣಿಗೆ ಪೊರೆ ಬಂದು ಮನೆ ಹಿಡಿದಿದ್ದ.

ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ಬಂದಳು.

“ಅಜ್ಜಾ, ನಿಮ್ಮ ಸೊಸೆಗೆ ಭಟ್ಟಿ ಕೆಲಸ ಹೇಳಿಕೊಡ್ತೀರಾ ಅಂತ ಕಾರ್ಖಾನೆಯವರು ಕೇಳ್ತಿದ್ದಾರೆ. ಇಲ್ಲಾಂದ್ರೆ ತಿಂಗಳ ಕೊನೆಗೆ ಬೀಗ ಹಾಕ್ತಾರಂತೆ.”

“ಹೆಣ್ಣುಮಗಳು ಭಟ್ಟಿ ಮುಂದೆ ನಿಲ್ಲೋದಾ? ನಮ್ಮಪ್ಪ ನನ್ನ ಸ್ವಂತ ತಂಗೀನೇ ಆ ಕಿಂಡಿ ಹತ್ರ ಬಿಟ್ಕೊಂಡಿರಲಿಲ್ಲ.”

“ಹಸಿ ಹೆಂಚು ಹೊತ್ತು ಸೊಂಟ ಮುರ್ಕೊಳ್ಳೋಕೆ ಹೆಣ್ಣು ಬೇಕು, ಕಿಂಡೀಲಿ ನೋಡೋಕೆ ಬೇಡವಾ? ನೋಡ್ತಿರೋರು ಗಂಡೋ ಹೆಣ್ಣೋ ಅಂತ ಬೆಂಕಿಗೇನು ಗೊತ್ತಾಗುತ್ತೆ!”

“ನಿನ್ನ ಬಾಯಿಗೆ ಯಾರು ಎದುರು ನಿಲ್ತಾರೆ ತಾಯಿ. ದೇವರು ಮಗನನ್ನೇ ಕಿತ್ಕೊಂಡ. ಈ ವಿದ್ಯೇನೂ ನನ್ನ ಜೊತೆಗೇ ಹೋಗಲಿ.”

ನರ್ಸಮ್ಮನ ದನಿ ಮೆತ್ತಗಾಯಿತು. “ದೇವರ ಮೇಲೆ ಹಾಕಬೇಡಿ ಅಜ್ಜಾ. ಉಸಿರು ಆತ ಕೊಟ್ಟಿದ್ದ, ಧೂಳು ತುಂಬಿದ್ದು ನಾವು. ಭಟ್ಟಿ ಪಕ್ಕದಲ್ಲೇ ಒಡೆದ ಹೆಂಚು ಅರೆಯೋ ಕಡೆ ನೀರು ಚಿಮುಕಿಸಿ, ಮಾಸ್ಕ್ ಹಾಕ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ! ಎದೇಲಿ ಧೂಳು ಕೂರೋ ಆ ಕಾಯಿಲೆ ಬಂದಮೇಲೆ ವಾಸಿ ಮಾಡೋ ಮದ್ದಿಲ್ಲ. ಬರದ ಹಾಗೆ ತಡೀಬಹುದು, ಅಷ್ಟೇ.”

ಅಜ್ಜ ತಲೆ ತಗ್ಗಿಸಿದ. ಅವಳು ಕೊಟ್ಟ ಮಾಸ್ಕನ್ನು ಮಗ ಒಂದೇ ಒಂದು ದಿನ ಹಾಕಿಕೊಂಡಿದ್ದ. ಹತ್ತು ಜನರೆದುರು ನಕ್ಕವನು ಈ ಅಪ್ಪನೇ. “ಏನೋ, ಮದುಮಗಳ ಥರ ಮುಸುಕು ಹಾಕ್ಕೊಂಡು ಬಂದಿದ್ದೀಯ!” ಮರುದಿನದಿಂದ ಮಗ ಮಾಸ್ಕ್ ಮುಟ್ಟಲಿಲ್ಲ. ಕೆಮ್ಮನ್ನೂ ಬಚ್ಚಿಟ್ಟ.

ಬಾಗಿಲ ಬಳಿ ನಿಂತಿದ್ದ ಸೊಸೆ ಮೆಲ್ಲಗೆ ಮಾತಾಡಿದಳು. “ಮಾವ, ಅವರಿಗೆ ನನಗೆ ಹೇಳಿಕೊಡೋ ಮನಸ್ಸಿತ್ತು. ‘ಅಪ್ಪನ್ನ ಒಂದು ಮಾತು ಕೇಳ್ತೀನಿ ತಾಳು’ ಅಂತಿದ್ರು. ಕೇಳೋ ಧೈರ್ಯ ಬರಲೇ ಇಲ್ಲ.”

ಅಜ್ಜ ದನಿ ಬಂದ ಕಡೆ ಮುಖ ತಿರುಗಿಸಿದ.

“ಕಲಿತವನು ಒಬ್ಬ ಹೋದ, ಏನೇನಾಯ್ತು ನೋಡಿ,” ಎಂದಳು ನರ್ಸಮ್ಮ. “ಲಾರಿಯವನಿಗೆ ಬಾಡಿಗೆ ಇಲ್ಲ, ಚಹಾದವಳಿಗೆ ಗಿರಾಕಿ ಇಲ್ಲ. ನಮ್ಮ ಮಣ್ಣು ಇಲ್ಲೇ ಬಿದ್ದಿದೆ, ಹೊರಗಿನ ಶೀಟು ನಮ್ಮ ಮನೆ ಮೇಲೆ ಕೂತಿದೆ. ದೇಶ ಬಡವಾಗೋದು ಅಂದ್ರೆ ಇದೇ ಅಲ್ವಾ? ಹೀಗೆ ಎಷ್ಟು ಊರಿವೆಯೋ!”

ಅಜ್ಜ ಗೋಡೆ ಹಿಡಿದು ಎದ್ದು ನಿಂತ. “ಮೊದಲು ಇವಳ ಎದೆ ಪರೀಕ್ಷೆ ಮಾಡ್ಸು. ಆಮೇಲೆ ಭಟ್ಟಿ. ಮಾಸ್ಕ್ ಇಲ್ಲದೋರು ಒಬ್ಬರೂ ಒಳಗೆ ಕಾಲಿಡಕೂಡದು, ಹೇಳಿಬಿಡು.”

ಸೊಸೆಯ ಎದೆ ಸ್ವಚ್ಛವಾಗಿತ್ತು. ಬೆಂಕಿ ಹಾಕಿದ ಮೂರನೆಯ ದಿನ ಅವಳು ಕಿಂಡಿಯ ಮುಂದೆ ನಿಂತಳು, ಅಜ್ಜ ಪಕ್ಕದಲ್ಲಿ.

“ಏನು ಕಾಣ್ತಿದೆ?”

“ಕೆಂಪಗಿದೆ ಮಾವ.”

“ಹೆಂಚಿನ ಅಂಚು ಬೇರೆ, ಬೆಂಕಿ ಬೇರೆ ಕಾಣುತ್ತಾ?”

“ಕಾಣುತ್ತೆ.”

“ಹಾಗಾದ್ರೆ ಇನ್ನೂ ಬೆಂದಿಲ್ಲ. ತಾಳು.”

ಹೊತ್ತು ಇಳಿಯುವಾಗ ಅವಳು ತಿರುಗಿದಳು. “ಈಗ ಹೆಂಚು ಯಾವುದು, ಬೆಂಕಿ ಯಾವುದು ತಿಳೀತಿಲ್ಲ ಮಾವ. ಸಾಕಾ?”

“ನನ್ನ ಕೇಳ್ತೀಯಲ್ಲ, ನೋಡ್ತಿರೋಳು ನೀನು. ನೀನೇ ಹೇಳು.”

ಅವಳು ಮತ್ತೊಮ್ಮೆ ನೋಡಿದಳು. “ಸಾಕು, ನಿಲ್ಲಿಸಿ!” ಎಂದು ಕೂಗಿದಳು.

ಭಟ್ಟಿ ಆರಿ ಹೆಂಚು ಹೊರಬಂದಾಗ ಎಲ್ಲೋ ನಾಲ್ಕೈದು ಒಡೆದಿದ್ದವು, ಉಳಿದವೆಲ್ಲ ನೆಟ್ಟಗಿದ್ದವು. ಜನ ಸೊಸೆಯನ್ನು ಸುತ್ತುವರಿದು ನಗುತ್ತಿದ್ದರು. ಅಜ್ಜ ಮಾತ್ರ ಗೋಡೆಗೆ ಕೈಯಿಟ್ಟು ಅಳುತ್ತಿದ್ದ. ಇಷ್ಟನ್ನು ಹೋದ ವರ್ಷವೇ ಹೇಳಿಕೊಟ್ಟಿದ್ದರೆ, ಭಟ್ಟಿ ಬಿಟ್ಟು ಬರಲು ಮಗನಿಗೊಬ್ಬರು ಬದಲಿ ಇರುತ್ತಿದ್ದರು. ಉಬ್ಬಸಪಡುತ್ತ ಕಡೆಯ ದಿನದವರೆಗೂ ಅವನು ಆ ಕಿಂಡಿಗೆ ಬರಬೇಕಾಗುತ್ತಿರಲಿಲ್ಲ.

ಈ ಕಥೆ ಕೇಳಿದ ತಾಯಂದಿರೇ, ತಂದೆಯರೇ, ಧೂಳಿನಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸಿ. ಮುಖ ಮುಚ್ಚಿಕೊಂಡು ಕೆಲಸ ಮಾಡುವವರನ್ನು ನೋಡಿ ನಗಬೇಡಿ. ನಿಮಗೊಂದು ಕಸುಬು ಗೊತ್ತಿದ್ದರೆ ಈ ವಾರವೇ ಇನ್ನೊಬ್ಬರಿಗೆ ಕಲಿಸಲು ತೊಡಗಿ. ಮಗಳಾದರೂ ಸರಿ, ಸೊಸೆಯಾದರೂ ಸರಿ. ದುಡಿಯುವ ಜನ ಗಟ್ಟಿಯಾಗಿದ್ದರಷ್ಟೇ ನಾಡು ಗಟ್ಟಿಯಾದೀತು. ಭಗವಂತ ನಿಮ್ಮ ಮನೆಯವರ ಉಸಿರನ್ನು ಕಾಯಲಿ. ನೀವೂ ಕಾಯಿರಿ.