ದೋಣಿಯಾಟಕ್ಕೆ ಹತ್ತಕ್ಕೆ ಮೂರು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಹಾಲು ಕಾಯಿಸಿದ್ದಾಯಿತು, ಕಸ ಗುಡಿಸಿದ್ದಾಯಿತು. ಮುಂದೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಅಷ್ಟರಲ್ಲಿ ಫೋನು ಬಂತು. ಬೀದಿ ತುದಿಯ ಕ್ಷೌರದಂಗಡಿಯವನು, ಗಂಡನ ಗೆಳೆಯ.

"ಅತ್ತಿಗೆ, ಕೇಳೋದಕ್ಕೆ ಬಾಯೇ ಬರ್ತಿಲ್ಲ. ನನ್ನ ದೋಣಿಯಾಟದ ವಿಡಿಯೋಗೇಮ್ ಡಿಸ್ಕು ಅವನ ಹತ್ರ ಇತ್ತು. ಹಳೇ ಆಟಗಳನ್ನೆಲ್ಲ ಅಂಗಡಿಗೆ ಕೊಟ್ಟು ಹೊಸದು ತರೋಣ ಅಂತ. ಅದು ಹೇಗೂ ದಂಡ."

"ದಂಡ ಅಂತ ಯಾರು ಹೇಳಿದ್ದು?"

"ವಿಮರ್ಶಕರೆಲ್ಲ ಬರೆದಿದಾರೆ. ಹತ್ತಕ್ಕೆ ಮೂರು. ದೋಣಿ ಬಸವನಹುಳು ಥರ ಹೋಗುತ್ತೆ, ದಾರೀಲಿ ಏನೂ ನಡೆಯೋದಿಲ್ಲ ಅಂತ. ಇವನೊಬ್ಬನೇ ‘ಇದು ಚಿನ್ನ ಕಣೋ, ಮುಗಿಸಿ ತೋರಿಸ್ತೀನಿ’ ಅಂತ ಮೀಸೆ ತಿರುವಿದ್ದು."

ಮುಗಿಸುವ ಮೊದಲೇ ಗಂಡ ಹೋಗಿಬಿಟ್ಟಿದ್ದ. ಆಡದೆ ಹಿಂತಿರುಗಿಸಿದರೆ ಅವನ ಮಾತು ಸೋತಂತೆಯೇ. ಆಡಿ, ಕೆಟ್ಟದೆನಿಸಿದರೆ ಇನ್ನೂ ಕಷ್ಟ; ಸತ್ತವನ ಮುಖ ನೋಡಿ ಸುಳ್ಳು ಹೊಗಳುವುದು ಅವಳಿಂದಾಗದು.

"ಸಂಜೆ ತರ್ತೀನಿ ಅಣ್ಣ" ಎಂದಳು.

ಡಿಸ್ಕು ಹಾಕಿ, ಟೀವಿ ಹಚ್ಚಿ ಕೂತಳು. ದಡದಲ್ಲಿ ದೋಣಿ, ಹತ್ತಲು ಬರುತ್ತಿರುವ ಜನ, ಗಂಟೆ. ಗಂಟೆ ಹೊಡೆದೊಡನೆ ಗುಂಡಿ ಒತ್ತಿದಳು. ಖಾಲಿ ದೋಣಿ ತೆವಳಿತು. ನೀರು, ಮತ್ತಷ್ಟು ನೀರು. ಮೂರು ಅಂಕವೇ ಧಾರಾಳವಾಯಿತೆನಿಸಿತು ಅವಳಿಗೆ. ಮುಂದಿನ ದಡದಲ್ಲೂ ಗಂಟೆ ಹೊಡೆಯಿತು.

"ತಡಿಯೇ" ಎಂದರು ಅತ್ತೆ ಹಿಂದಿನಿಂದ. "ಆ ಮುದುಕಿ ಇನ್ನೂ ಮೆಟ್ಟಿಲು ಇಳೀತಿದಾಳೆ."

"ಗಂಟೆ ಹೊಡೀತಲ್ಲ ಅತ್ತೆ."

"ಹೊಡೆದರೆ ಹೊಡ್ಕೊಳ್ಳಲಿ. ಬಿಟ್ಟು ಹೋಗೋದಾ?"

ಈ ಮನೆಯವರು ಯಾವ ಮದುವೆಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಕೊನೆಯವರು ಚಪ್ಪಲಿ ಮೆಟ್ಟುವ ತನಕ ಮೊದಲಿನವರು ಗೇಟು ದಾಟುವಂತಿಲ್ಲ. ಅವಳು ಗುಂಡಿಯಿಂದ ಬೆರಳು ತೆಗೆದಳು.

ಮುದುಕಿ ಏದುಸಿರು ಬಿಡುತ್ತ ಹತ್ತಿ ಕೂತಳು. ಕೂತವಳೇ ಎದುರಿನ ದರ್ಜಿಗೆ, ತೋಳು ಗಿಡ್ಡ ಹೊಲಿದೆಯೆಂದು ಬಯ್ಯತೊಡಗಿದಳು. ನಿನ್ನ ಕೈಯೇ ಉದ್ದ ಎಂದ ದರ್ಜಿ. ದೋಣಿಯೆಲ್ಲ ಎರಡು ಪಕ್ಷವಾಯಿತು. ತೀರ್ಪು ಬರುವಷ್ಟರಲ್ಲಿ ದಡವೇ ಬಂದುಬಿಟ್ಟಿತು.

"ಅಯ್ಯೋ, ಇನ್ನೂ ನಿಧಾನ ಹೋಗಬಾರದಿತ್ತಾ ಈ ದೋಣಿ" ಎಂದರು ಅತ್ತೆ. ಅವಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ, ಅತ್ತೆಗೂ ಅಂಟಿತು. ಊಟದ ಹೊತ್ತು ಮೀರಿದರೂ ಇಬ್ಬರೂ ಏಳಲಿಲ್ಲ. ಮುಂದಿನ ದಡದಲ್ಲಿ ಕೋಳಿ ಕಳಕೊಂಡವನೊಬ್ಬನಿಗೆ ಕಾದರು, ಅದರಾಚೆ ಮುನಿಸಿಕೊಂಡ ಗಂಡಹೆಂಡಿರಿಗೆ. ಸಂಜೆಯಾಗುವಷ್ಟರಲ್ಲಿ ಕೊನೆಯ ದಡ ಮುಟ್ಟಿದ್ದರು.

ಅಂಗಡಿಯಲ್ಲಿ ಒಬ್ಬನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಕ್ಷೌರಿಕ ಅವಳನ್ನು ನೋಡಿ ಕುರ್ಚಿ ಎಳೆದ. ಅವಳು ಕೂರಲಿಲ್ಲ.

"ನಿಮ್ಮ ವಿಮರ್ಶಕರು ಜನ ಹತ್ತೋ ಮೊದಲೇ ದೋಣಿ ಬಿಟ್ಟಿದಾರೆ ಅಣ್ಣ. ಖಾಲಿ ದೋಣೀಲಿ ಏನು ನಡೆಯುತ್ತೆ?"

"ಹಾಗಾದರೆ ಅವನು ಹೇಳಿದ್ದೇ ಸರಿ."

"ಅದೂ ಅಲ್ಲ. ಕೊನೇಲಿ ಎಲ್ಲರೂ ಉಪದೇಶ ಮಾಡೋಕೆ ಶುರು ಮಾಡ್ತಾರೆ. ನೀರು ಮಜ್ಜಿಗೆ. ಚಿನ್ನ ಅಂದದ್ದು ನಿಮ್ಮ ಗೆಳೆಯರ ಅತಿ. ನಂದು ಹತ್ತಕ್ಕೆ ಏಳು."

"ಏಳಾ? ಅವನಿದ್ದಿದ್ರೆ ಜಗಳಕ್ಕೇ ಬರ್ತಿದ್ದ ಅತ್ತಿಗೆ."

"ಬರಲಿ ಅಂತಲೇ ಏಳು ಕೊಟ್ಟಿದ್ದು."

ಕ್ಷೌರಿಕ ನಕ್ಕ, ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ನೊರೆ ಮಾಡಿಕೊಂಡ.

"ಜಗಳ ಆಮೇಲಾಡಿ, ನನ್ನ ಅರ್ಧ ಗಡ್ಡದ ಗತಿ ಏನು?" ಎಂದ ಕುರ್ಚಿಯಲ್ಲಿದ್ದವನು.

ಅವಳು ಡಿಸ್ಕು ಚಾಚಿದಳು. ಕ್ಷೌರಿಕ ಟವಲಿಗೆ ಕೈ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡ.